ಗಜದಂತ ಮತ್ತು ಗಜಕಾಂತ

ನಮ್ಮ ದೊಡ್ಡಪ್ಪನ ಪ್ರಕಾರ ಪ್ರಪಂಚದಲ್ಲಿ ಎರಡೇ ಥರದ ಜನ: ಅವರನ್ನು ಆಗಲೇ ನಕಲು ಮಾಡಿದವರು, ಇನ್ನು ಮೇಲೆ ಮಾಡಲಿರುವವರು! ಶಿಕಾರಿಪುರದ ಪೋಸ್ಟ್‌ಮಾಸ್ತರರು ಒಮ್ಮೆ ದೊಡ್ಡಪ್ಪನಂಥದೇ ಕಂದು ಕೋಟು ಹೊಲಿಸಿಕೊಂಡರೆಂದು, ಆ ವರ್ಷದ ಚಳಿಯನ್ನೆಲ್ಲ ಇವರು ಬರೀ ಅಂಗಿಯಲ್ಲಿ ನಡುಗುತ್ತ ಕಳೆದರು. ಎದುರುಮನೆಯವರು ಮಗುವಿಗೆ ಇವರದೇ ಹೆಸರಿಟ್ಟಾಗ ಸಂತೋಷಪಟ್ಟರು ಅಂದುಕೊಂಡಿರಾ? "ನನ್ನನ್ನ ಒಂದು ಮಾತು ಕೇಳ್ಬೇಕಿತ್ತು" ಎಂದು ತೊಟ್ಟಿಲ ಮುಂದೆಯೇ ಜಗಳ ತೆಗೆದರು. ಹೋಳಿಗೆ ಮಾತ್ರ ಎರಡು ಸಲ ಹಾಕಿಸಿಕೊಂಡರು.

ಇಂಥವರು ಹಲ್ಲುಪುಡಿಯ ವ್ಯಾಪಾರಕ್ಕಿಳಿದರೆ ಏನಾಗಬೇಡ! ಹಳದಿ ಡಬ್ಬಿ, ಮೇಲೊಂದು ಆನೆ, ಅದರ ಕೆಳಗೆ 'ಗಜದಂತ'. ಬೊಂಬಾಯಿಗೆ ಬರೆದು ಹೆಸರನ್ನೂ ಆನೆಯನ್ನೂ ರಿಜಿಸ್ಟರ್ ಮಾಡಿಸಿದ್ದರು. ಆ ಕಾಗದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿ, ದಿನಾ ಬೆಳಿಗ್ಗೆ ಅದಕ್ಕೂ ವಿಭೂತಿ ಹಚ್ಚುತ್ತಿದ್ದರು.

ಪುಡಿ ಕುಟ್ಟುತ್ತಿದ್ದವನು ಸೊರಬದ ಬಸಣ್ಣ, ದೊಡ್ಡಪ್ಪನ ಗೆಳೆಯ. ಲವಂಗ ಹೆಚ್ಚು ಹಾಕಬೇಕೆಂದು ಅವನು, ಸೀಮೆಸುಣ್ಣವೇ ಸಾಕೆಂದು ಇವರು. ಮಾತಿಗೆ ಮಾತು ಬೆಳೆದು ಬಸಣ್ಣ ಊರಿಗೆ ಹೊರಟುಹೋದ. ಆರು ತಿಂಗಳಿಗೆ ಸಂತೆಯಲ್ಲಿ ಇನ್ನೊಂದು ಹಳದಿ ಡಬ್ಬಿ ಬಂತು. ಮೇಲೊಂದು ಆನೆ, ಕೆಳಗೆ 'ಗಜಕಾಂತ'!

"ಗಜಕಾಂತ ಅಂದ್ರ ಏನಲೇ? ಹೆಣ್ಣಾನಿ ಗಂಡ!" ದೊಡ್ಡಪ್ಪ ಡಬ್ಬಿಯನ್ನು ನನ್ನ ಮೂಗಿಗೆ ಹಿಡಿದು ಕೂಗಿದರು. "ಹಲ್ಲಿಗೂ ಅವನಿಗೂ ಏನು ಸಂಬಂಧ? ಬರಿ ಅರ್ಜಿ!"

ನಾನಾಗ ಶಿಕಾರಿಪುರದಲ್ಲೇ ಮಿಡ್ಲ್‌ಸ್ಕೂಲ್ ಮೇಷ್ಟ್ರು. ಮೈಸೂರು ರಾಜ್ಯ ದೊಡ್ಡದಾಗಿ ಎರಡು ಮೂರು ವರ್ಷವಾಗಿತ್ತು. ನಮ್ಮ ದೊಡ್ಡಪ್ಪನ ಮನಸ್ಸು ಮಾತ್ರ ಇದ್ದಷ್ಟೇ ಇತ್ತು. ಅರ್ಜಿ ಬರೆದೆ. ವ್ಯಾಜ್ಯ ಶಿವಮೊಗ್ಗದ ಜಿಲ್ಲಾ ಕೋರ್ಟಿಗೆ ಹೋಯಿತು.

ಬಸಣ್ಣನ ವಕೀಲರು ಎರಡೂ ಡಬ್ಬಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. "ನೋಡೋಣಾಗಲಿ ಸ್ವಾಮಿ, ಅವರ ಆನೆ ಎಡಕ್ಕೆ ನೋಡುತ್ತಿದೆ, ನಮ್ಮದು ಬಲಕ್ಕೆ. ಅಲ್ಲಿ 'ದಂ', ಇಲ್ಲಿ 'ಕಾಂ'."

ಜಡ್ಜರು ಕನ್ನಡಕ ತೆಗೆದರು. "ಕೊಳ್ಳುವವರು ಒಂದು ಡಬ್ಬಿ ಮನೆಯಿಂದ ತಂದು ಅಂಗಡಿಯಲ್ಲಿ ಹೋಲಿಸಿ ನೋಡ್ತಾರೇನ್ರಿ? ಅವರಿಗೆ ನೆನಪಿರೋದು ಹಳದಿ ಬಣ್ಣ, ಆನೆ, ಬಾಯಿಗೆ ಬಂದಷ್ಟು ಹೆಸರು. ಓದು ಬಾರದವರು ಮೋಸ ಹೋಗ್ತಾರೋ ಇಲ್ಲವೋ, ಅದನ್ನ ಹೇಳಿ."

ದೊಡ್ಡಪ್ಪ ಹಿಗ್ಗಿ ಹೀರೇಕಾಯಿಯಾದರು. ಮೋಸ ಹೋದವರನ್ನು ತರುವುದು ಎಷ್ಟರ ಕೆಲಸ? ಉಡುತಡಿಯಿಂದ ಅಜ್ಜಿಯೊಬ್ಬಳನ್ನು ಸಾಕ್ಷಿಗೆ ಕರೆತಂದರು.

"ಏನಂತ ಕೇಳಿ ತಗೋತೀಯವ್ವ?" ಎಂದರು ನಮ್ಮ ವಕೀಲರು.

"ಆನಿ ಪುಡಿ ಕೊಡ್ರಿ ಅಂತೀನಿ."

"ನಮ್ಮ ಸಾಹುಕಾರರ ಡಬ್ಬಿ ಯಾವುದು, ತೋರಿಸು."

ಅಜ್ಜಿ ಸೀದಾ ಹೋಗಿ ಬಸಣ್ಣನ ಡಬ್ಬಿ ಎತ್ತಿಕೊಂಡಳು! ಗೆದ್ದೆವು. ಅಲ್ಲಿಗೇ ಸುಮ್ಮನಿರಬಾರದಿತ್ತೇ ಆಕೆ? ದೊಡ್ಡಪ್ಪನ ಕಡೆ ತಿರುಗಿ ಕೈ ಮುಗಿದು, "ಮೊದ್ಲು ನಿಮ್ಮ ಪುಡಿ ಗ್ವಾಡಿ ಸುಣ್ಣ ತಿಕ್ಕಿದಂಗ ಆಗ್ತಿತ್ರಿ ಸಾವ್ಕಾರ್ರ. ಒಂದು ವರ್ಷದಿಂದ ಭಾಳ ಚಲೋ ಮಾಡೀರಿ. ನನ್ನ ಹಲ್ಲು ನೋವೇ ಹೋತು!" ಎಂದಳು.

ಕೋರ್ಟೆಲ್ಲ ನಕ್ಕಿತು. ನಗದವರು ಇಬ್ಬರೇ: ದೊಡ್ಡಪ್ಪ ಮತ್ತು ಬಸಣ್ಣ.

ತೀರ್ಪು ನಮ್ಮ ಕಡೆಗೇ ಆಯಿತು. ಬಸಣ್ಣ ಆ ಹೆಸರನ್ನಾಗಲಿ ಆನೆಯನ್ನಾಗಲಿ ಬಳಸಕೂಡದು. ಇದ್ದ ಲೇಬಲ್ಲುಗಳನ್ನೆಲ್ಲ ಕಿತ್ತು ನಾಶ ಮಾಡಬೇಕು. ಎಂಥ ಗೆಲುವು ನೋಡಿ! ತಮ್ಮ ಪುಡಿ ಕೆಟ್ಟದ್ದೆಂದು ಸರ್ಕಾರದ ಮೊಹರು ಹಾಕಿಸಿಕೊಂಡು ಬಸ್ಸು ಹತ್ತಿದರು ದೊಡ್ಡಪ್ಪ. ಊರಲ್ಲಿ ಹಾರ ಹಾಕುವುದಿರಲಿ, ಗಿರಾಕಿಗಳು "ಆ ಲವಂಗದ ಪುಡಿ ಇನ್ನು ಬರೋದಿಲ್ಲೇನ್ರಿ?" ಎಂದು ಅಂಗಡಿಗೇ ಬಂದು ಕೇಳಿದರು. ಪಕ್ಕದ ಮನೆಯವರು ಬೇವಿನಕಡ್ಡಿಗೆ ಹೋದರೇ ಹೊರತು ಗಜದಂತಕ್ಕೆ ಬರಲಿಲ್ಲ.

ಒಂದು ಭಾನುವಾರ ನನ್ನನ್ನು ಎಳೆದುಕೊಂಡು ಸೊರಬಕ್ಕೆ ಹೊರಟರು. "ಲೇಬಲ್ ಕಿತ್ತಾನೋ ಇಲ್ಲೋ ಕಣ್ಣಾರೆ ನೋಡ್ಬೇಕು. ನೀನು ಸಾಕ್ಷಿ."

ಬಸಣ್ಣನ ಅಂಗಳದ ತುಂಬ ಹಳದಿ ಡಬ್ಬಿಗಳು. ಅವನೂ ಹೆಂಡತಿಯೂ ಬಿಸಿನೀರಿನ ಬಾನಿಯ ಮುಂದೆ ಕೂತು ಉಗುರಿನಲ್ಲಿ ಆನೆಗಳನ್ನು ಕೆರೆದು ತೆಗೆಯುತ್ತಿದ್ದರು. ಆಕೆಯ ಬೆರಳಿನಲ್ಲಿ ರಕ್ತ ಜಿನುಗುತ್ತಿತ್ತು. ಬಸಣ್ಣ ತಲೆ ಎತ್ತಿ ನೋಡಿದ, ಏಳಲಿಲ್ಲ.

"ನೋಡ್ಕಳಿ ಅಣ್ಣಾರೆ. ಒಂದೂ ಬಚ್ಚಿಟ್ಟಿಲ್ಲ" ಎಂದ.

ಈಗ ದೊಡ್ಡಪ್ಪ ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಅಂಗಿಯ ತೋಳು ಮಡಿಸಿ, ಪಂಚೆ ಎತ್ತಿಕಟ್ಟಿ, ಆಕೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. "ನೀ ಏಳವ್ವ ತಂಗಿ, ಕೈಗೆ ಅರಿಶಿನ ಹಚ್ಚಿಕೋ ಹೋಗು" ಎಂದು ಒಂದು ಡಬ್ಬಿ ಎತ್ತಿಕೊಂಡು ಕೆರೆಯತೊಡಗಿದರು.

"ಎಂಥಾ ಗೋಂದು ಹಾಕೀಯೋ ಮಾರಾಯ, ಬಿಡ್ತಾನೇ ಇಲ್ಲ!"

"ಬಿಡಿ ಅಣ್ಣಾರೆ, ನಿಮ್ಮ ಉಗುರು ಹೋಗ್ತದೆ."

"ಹೋಗ್ಲಿ."

ನಾನೂ ಒಂದು ಡಬ್ಬಿ ತೆಗೆದುಕೊಂಡೆ. ಕೊನೆಗೆ ಬಸಣ್ಣನೇ ಮೆಲ್ಲಗೆ ಕೇಳಿದ: "ಇನ್ನು ಇದಕ್ಕೆ ಏನಂತ ಹೆಸರಿಡ್ಲಿ?"

ದೊಡ್ಡಪ್ಪ ತಲೆ ಎತ್ತಲಿಲ್ಲ. ಅವರ ಮೂಗಿನ ತುದಿಯಿಂದ ಏನೋ ಬಾನಿಯ ನೀರಿಗೆ ತೊಟ್ಟಿಕ್ಕಿತು.

"ನಿನ್ನ ಹೆಸರೇ ಇಡೋ ಬಸಣ್ಣ. ಪುಡಿ ನಿಂದು."