ಉತ್ತರಕ್ಕೆ ತಲೆಯಿಟ್ಟ ಫ್ರೆಂಚ್ ಕ್ಯಾರವಾನಿಗೊಂದು ದೂರು

ಇಂದ: ಶ್ರೀಕಂಠ, ಮೂಲತಃ ಮೈಸೂರು, ಹಾಲಿ ವಸ್ತಿ ಹಮಾಮತ್ಸು, ಜಪಾನ್.

ಗೆ: ಶ್ರೀ ಕ್ಯಾರವಾನ್ ಅವರು, ಜನ್ಮಸ್ಥಳ ಫ್ರಾನ್ಸ್, ಹಾಲಿ ಬಾಡಿಗೆ ಗಾಡಿಗಳ ಶೆಡ್ಡು, ಅದೇ ಊರು.

ವಿಷಯ: ನಾನು ಹೇಳಿದ ಕಡೆಗೆ ತಾವು ಹಿಂದಕ್ಕೆ ಬಾರದಿದ್ದುದರಿಂದ ನನ್ನ ಅತ್ತೆಯವರ ನಿದ್ರೆಯೂ ನನ್ನ ಮಾನವೂ ಒಟ್ಟಿಗೆ ಹೋದ ಬಗ್ಗೆ.

ಮಾನ್ಯರೇ,

ತಮ್ಮ ಎರಡೂ ಚಕ್ರಗಳಿಗೆ, ಮೂತಿಯ ಕೆಳಗಿರುವ ಆ ಪುಟ್ಟ ಗಾಲಿಗೆ ನನ್ನ ಅನಂತ ನಮಸ್ಕಾರಗಳು. ಶೆಡ್ಡಿನಲ್ಲಿ ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ಹಿಂಬದಿಯ ಮೂಲೆಯ ಗೀರು ಈಗ ಅಷ್ಟಾಗಿ ನೋಯುತ್ತಿಲ್ಲವೆಂದೂ ನಂಬಿದ್ದೇನೆ. ಆ ಗೀರಿಗೆ ಕಾರಣವಾದ ಮರ ಇನ್ನೂ ನೆಟ್ಟಗೆ ನಿಂತಿದೆಯೆಂದು ತಿಳಿದುಬಂದಿದೆ. ಹಾಗಾಗಿ ನಮ್ಮ ಮೂವರ ಪೈಕಿ ನಿಜವಾಗಿ ಪೆಟ್ಟು ತಿಂದವನು ನಾನೊಬ್ಬನೇ.

ನನ್ನ ಪರಿಚಯ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಲೇಬೇಕು. ನಾನು ಹದಿಮೂರು ವರ್ಷಗಳಿಂದ ಈ ಊರಿನಲ್ಲಿ ಕಾರುಗಳ ಕೆಲಸದಲ್ಲಿರುವ ಇಂಜಿನಿಯರ್. ಸ್ಟೇರಿಂಗ್ ಮುಟ್ಟದೆ ಕಾರು ತಾನೇ ರಿವರ್ಸ್ ಬಂದು ಗೆರೆಯೊಳಗೆ ನಿಲ್ಲುವಂತೆ ಮಾಡುವ ತಂತ್ರಾಂಶ ಬರೆಯುವ ತಂಡದಲ್ಲಿದ್ದೇನೆ. ಹಿಂದಕ್ಕೆ ಬರುವುದೇ ನನ್ನ ಅನ್ನ. ಅಂಥವನನ್ನು ತಾವು ನಲವತ್ತು ನಿಮಿಷ, ಹದಿನೇಳು ಕುಟುಂಬಗಳ ಎದುರಿಗೆ, ಯಾವ ಸ್ಥಿತಿಗೆ ತಂದಿರಿ ಎಂಬುದನ್ನು ಮುಂದೆ ವಿನಮ್ರವಾಗಿ ನಿವೇದಿಸುತ್ತೇನೆ.

ಕಾರಿನ ಹಿಂದೆ ಕ್ಯಾರವಾನ್ ಎಂಬ ಗಾಲಿಮನೆ ಕಟ್ಟಿಕೊಂಡು ಫ್ರಾನ್ಸ್ ಸುತ್ತಬೇಕೆಂಬುದು ನನ್ನ ಹತ್ತು ವರ್ಷಗಳ ಆಸೆ. ದ್ರಾಕ್ಷಿ ತೋಟಗಳ ನಡುವಿನ ಹಳ್ಳಿ ರಸ್ತೆ, ಬೆಳಿಗ್ಗೆ ಬೇಕರಿ ಮುಂದೆ ಗಾಡಿ ನಿಲ್ಲಿಸಿ ಬಿಸಿ ಬ್ರೆಡ್ಡು, ಮಧ್ಯಾಹ್ನ ಹೊಳೆ ದಂಡೆಯಲ್ಲಿ ಬಿಸಿಬೇಳೆಬಾತು, ಹೀಗೆ ಪ್ರತಿದಿನದ ಪಟ್ಟಿಯನ್ನೂ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಆಫೀಸಿನವರು ಕೊಟ್ಟದ್ದು ಮೇ ತಿಂಗಳ ಐದು ದಿನದ ರಜೆ. ಆಗ ನನ್ನ ಹೆಂಡತಿ ಹಂಸಾ, "ರೀ, ಫ್ರಾನ್ಸಿಗೆ ಹೋಗೋಕಾಗ್ದಿದ್ರೆ ಬೇಡ, ಫ್ರಾನ್ಸನ್ನೇ ಬಾಡಿಗೆಗೆ ತರೋಣ" ಎಂದು ಇಂಟರ್‌ನೆಟ್ಟಿನಲ್ಲಿ ತಮ್ಮ ಚಿತ್ರ ತೋರಿಸಿದಳು. ಬೆಳ್ಳಗೆ, ದುಂಡಗೆ, ಕಿಟಕಿಗೆ ಹೂವಿನ ಪರದೆ ಹಾಕಿಕೊಂಡು ಎಷ್ಟು ಮುದ್ದಾಗಿದ್ದಿರಿ! ತೂಕ ಏಳುನೂರೈವತ್ತು ಕಿಲೋ ದಾಟದ ಕಾರಣ ತಮ್ಮನ್ನು ಎಳೆಯಲು ಬೇರೆ ಲೈಸೆನ್ಸೂ ಬೇಡವಾಗಿತ್ತು. ಬುದ್ಧಿಯೂ ಬೇಡವೆಂದು ನಾನು ಅರ್ಥ ಮಾಡಿಕೊಂಡದ್ದು ನನ್ನದೇ ತಪ್ಪು.

ತಮ್ಮ ಬಾಗಿಲಿನ ವಿಚಾರವನ್ನು ನಾನು ದೊಡ್ಡದು ಮಾಡುವುದಿಲ್ಲ. ಅದು ಬಲಗಡೆಗಿದೆ. ಫ್ರಾನ್ಸಿನಲ್ಲಿ ರಸ್ತೆಯ ಅಂಚಿಗೆ ತೆರೆದುಕೊಳ್ಳುವ ಆ ಬಾಗಿಲು ಜಪಾನಿನಲ್ಲಿ ನಡುರಸ್ತೆಗೆ ತೆರೆದುಕೊಳ್ಳುತ್ತದೆ. ಇಷ್ಟು ವರ್ಷ ಇಲ್ಲಿದ್ದೂ ತಾವು ಬಾಗಿಲನ್ನು ಎಡಕ್ಕೆ ಬದಲಾಯಿಸಿಕೊಳ್ಳದೆ ತವರಿನ ಪದ್ಧತಿಯನ್ನೇ ಉಳಿಸಿಕೊಂಡಿರುವುದನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು ಎಂದೇ ಹೇಳಬೇಕು. ಏಕೆಂದರೆ ಆ ಸ್ವಾತಂತ್ರ್ಯವನ್ನು ನಾನು ನನ್ನ ಅತ್ತೆಯವರಿಗೆ ಕೊಟ್ಟಿರಲಿಲ್ಲ.

ಅತ್ತೆ ವೇದವಲ್ಲಿಯವರು ಮೂರು ತಿಂಗಳ ವೀಸಾದ ಮೇಲೆ ಮೈಸೂರಿನಿಂದ ಬಂದಿದ್ದರು. ಎಪ್ಪತ್ತೊಂದು ವರ್ಷ, ನಿವೃತ್ತ ಹೈಸ್ಕೂಲು ಮೇಡಂ, ನನ್ನನ್ನು "ಅಳಿಯಂದಿರೇ" ಎಂದು ಬಹುವಚನದಲ್ಲೇ ಕರೆಯುವವರು. ಬಂದ ದಿನದಿಂದ ನಾನು ಅವರಿಗೆ ಹೇಳಿದ್ದು ಒಂದೇ ಮಾತು: "ಇಲ್ಲಿ ಹಾಗೆಲ್ಲ ಮಾಡಬಾರದು ಅತ್ತೆ, ಜನ ಏನಂದ್ಕೋತಾರೆ?" ಮನೆಬಾಗಿಲ ರಂಗೋಲಿಯನ್ನು ಒರೆಸಿಸಿದೆ. ಪೂಜೆಯ ಗಂಟೆಯ ನಾಲಿಗೆಗೆ ಹತ್ತಿ ಸುತ್ತಿಸಿದೆ. ರೈಲಿನಲ್ಲಿ ಅವರ ಫೋನು ಬಾಯಿ ಬಿಟ್ಟರೆ ನಾನೇ ಎದ್ದುನಿಂತು ಇಡೀ ಬೋಗಿಗೆ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದೆ. ಅವರು ಎಲ್ಲಕ್ಕೂ "ಆಗ್ಲಿ ಬಿಡಿ" ಎಂದರೇ ಹೊರತು ಒಂದು ದಿನವೂ ಮುಖ ಸಿಂಡರಿಸಲಿಲ್ಲ.

ಇಂಥವರು ಇಡೀ ಪ್ರವಾಸದಲ್ಲಿ ಕೇಳಿದ್ದು ಒಂದೇ ಒಂದು. ಮೊದಲ ದಿನ ಸಂಜೆ ಸುವಾ ಸರೋವರದ ಪಕ್ಕದ ಕ್ಯಾಂಪಿನವರು ತಮ್ಮನ್ನು ನಿಲ್ಲಿಸುವ ಜಾಗ ತೋರಿಸಿದರು. ನಾನು ರಿವರ್ಸ್ ಗೇರು ಹಾಕಿದೆ. ಎಡಕ್ಕೆ ತಿರುಗಿಸಿದರೆ ತಾವು ಬಲಕ್ಕೆ ಹೋದಿರಿ, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಯನ್ನು ನಮ್ಮ ಹಿರಿಯರು ಯಾವುದೋ ಕ್ಯಾರವಾನ್ ನೋಡಿಯೇ ಕಟ್ಟಿರಬೇಕು. ನಮ್ಮ ಪದ್ಧತಿಯಂತೆ ಮನೆಮಂದಿಯೆಲ್ಲ ಕೆಳಗಿಳಿದು ಸಲಹೆ ಕೊಟ್ಟರು. ಹಂಸಾ "ಬರ್ಲಿ ಬರ್ಲಿ" ಎಂದಳು, ಅತ್ತೆ "ಅಯ್ಯೋ, ಮರ ಮರ" ಎಂದರು, ಇಲ್ಲೇ ಹುಟ್ಟಿ ಬೆಳೆದ ಹನ್ನೊಂದು ವರ್ಷದ ಮಗಳು ಪ್ರಣತಿ "ಅಪ್ಪಾ, ಎವ್ರಿವನ್ ಈಸ್ ವಾಚಿಂಗ್" ಎಂದಳು. ವಾಚಿಂಗ್ ಎಂದರೆ ಬರೀ ವಾಚಿಂಗಲ್ಲ, ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತ ವಾಚಿಂಗ್.

ನಲವತ್ತು ನಿಮಿಷದ ಮೇಲೆ ತಾವು ಕೃಪೆ ಮಾಡಿ ನಿಂತಾಗ ನನ್ನ ಅಂಗಿ ಹಿಂಡಿದರೆ ಒಂದು ಚೊಂಬು ಬೆವರು ಬರುತ್ತಿತ್ತು. ಸರಿಯಾಗಿ ಆಗ ಅತ್ತೆಯವರು ಗಾಡಿಯೊಳಗಿನ ಏಕಮಾತ್ರ ದೊಡ್ಡ ಮಂಚವನ್ನು ನೋಡಿ ಬಂದು, "ಅಳಿಯಂದಿರೇ, ಮಲಗಿದ್ರೆ ತಲೆ ಯಾವ ದಿಕ್ಕಿಗೆ ಬರತ್ತೆ? ಉತ್ತರ ಅಲ್ಲ ತಾನೆ?" ಎಂದು ಮೆಲ್ಲಗೆ ಕೇಳಿದರು. ಫೋನಿನ ದಿಕ್ಸೂಚಿ ನೋಡಿದೆ. ಅಪ್ಪಟ ಉತ್ತರ. ದಿಂಬನ್ನು ಆಚೆ ತುದಿಗೆ ಹಾಕೋಣವೆಂದರೆ ಆ ಬದಿ ತಮ್ಮ ಕಪಾಟು ಮೊಣಕಾಲಿನ ಮಟ್ಟಕ್ಕೆ ಇಳಿದುಬಂದಿದೆ, ತಲೆ ಎತ್ತಿದರೆ ಢಣ್. ಗಾಡಿಯನ್ನೇ ತಿರುಗಿಸಬೇಕು, ಅಂದರೆ ಮತ್ತೆ ನಲವತ್ತು ನಿಮಿಷ, ಮತ್ತೆ ಹದಿನೇಳು ಕುಟುಂಬಗಳಿಗೆ ಟೀ. ನಾನು ಕೈಯೆತ್ತಿ ಸರೋವರವನ್ನು ತೋರಿಸುತ್ತ, "ದಕ್ಷಿಣ ಅತ್ತೆ, ಶುದ್ಧ ದಕ್ಷಿಣ" ಎಂದುಬಿಟ್ಟೆ. ಅವರು ನಂಬಿದರು, ಮಲಗಿದರು.

ಮಾನ್ಯರೇ, ಸುಳ್ಳು ಹೇಳುವವನು ಕನಿಷ್ಠ ಸೂರ್ಯೋದಯವಿಲ್ಲದ ದೇಶವನ್ನಾದರೂ ಆರಿಸಿಕೊಳ್ಳಬೇಕು. ಬೆಳಿಗ್ಗೆ ಐದಕ್ಕೆ, ನನ್ನ ಸುಳ್ಳಿನ ಲೆಕ್ಕಕ್ಕೆ ಪಶ್ಚಿಮವಾಗಬೇಕಿದ್ದ ಕಿಟಕಿಯಲ್ಲಿ, ಹೂವಿನ ಪರದೆ ಸರಿಸಿಕೊಂಡು ಸೂರ್ಯ ಹಾಜರಾದ. ಅತ್ತೆ ಎದ್ದು ಕೂತು ಅವನಿಗೆ ಕೈಮುಗಿದು ನನ್ನ ಕಡೆ ತಿರುಗಿ, "ಜಪಾನಿನಲ್ಲಿ ಈ ಕಡೆ ಹುಟ್ತಾನಾ ಅಳಿಯಂದಿರೇ?" ಎಂದರು. ಅಷ್ಟೇ. ದಾರಿಯ ಪೆಟ್ರೋಲ್ ಬಂಕಿನಲ್ಲಿ ನಾನು ಆಚೆ ಹೋದಾಗ ಹಂಸಾಳಿಗೆ ಹೇಳಿದರಂತೆ: "ನನ್ನ ಟಿಕೆಟ್ ಸ್ವಲ್ಪ ಮುಂಚೆ ಆಗತ್ತಾ ನೋಡೆ. ದಿಕ್ಕಿಗಲ್ಲ ಕಣೆ, ಕೇಳಿದ್ದಕ್ಕೆ ಸುಳ್ಳು ಹೇಳಿದ್ರಲ್ಲ, ಅದಕ್ಕೆ." ಹಂಸಾ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಇಪ್ಪತ್ತು ದಿನ ಉಳಿದಿರುವಾಗ ಆ ಹೆಂಗಸು ನೊಂದುಕೊಂಡು ವಿಮಾನ ಹತ್ತಿದರೆ, ಮತ್ತೆ ಯಾವ ಮುಖ ಇಟ್ಟುಕೊಂಡು ಮೈಸೂರಿನ ಆ ಮನೆಯಲ್ಲಿ ಊಟಕ್ಕೆ ಕೂರಲಿ?

ಎರಡನೆಯ ಕ್ಯಾಂಪು ನಾಗಾನೋದ ಬೆಟ್ಟದ ಮೇಲೆ. ತಾವು ಅಲ್ಲಿಯೂ ಮರಕ್ಕೊಂದು ಮುತ್ತು ಕೊಟ್ಟು, ನಿಷ್ಠೆಯಿಂದ ಮಂಚದ ತಲೆಯನ್ನು ಉತ್ತರಕ್ಕೇ ಇಟ್ಟು ನಿಂತಿರಿ. ತಮ್ಮಷ್ಟು ದಿಕ್ಕು ಬಲ್ಲ ಗಾಡಿ ಹಡಗಿನವರಿಗೆ ಸಿಕ್ಕಿದ್ದರೆ ಧ್ರುವನಕ್ಷತ್ರಕ್ಕೆ ಕೆಲಸವಿರುತ್ತಿರಲಿಲ್ಲ. ಈ ಸಲ ಅತ್ತೆ ಏನನ್ನೂ ಕೇಳಲಿಲ್ಲ. ಮಡಚುವ ಕುರ್ಚಿ ಹಾಕಿಕೊಂಡು ಹೊರಗೆ ಕೂತು, "ಗಾಳಿ ಚೆನ್ನಾಗಿದೆ, ನಾನು ಇಲ್ಲೇ ಇರ್ತೀನಿ, ನೀವೆಲ್ಲ ಮಲಕ್ಕೊಳಿ" ಎಂದರು. ಸಂಜೆ ಆರಕ್ಕೇ ಅಲ್ಲಿ ಹಲ್ಲು ಕಡಿಯುವ ಚಳಿ.

ಕ್ಯಾಂಪು ನೋಡಿಕೊಳ್ಳುವ ಓಕಾದಾ-ಸಾನ್ ಎಂಬ ಹಿರಿಯರು ಶಾಲು ಹೊದ್ದು ಕೂತ ಅಜ್ಜಿಯನ್ನು ಕಂಡು ಮೈಗೆ ಹುಷಾರಿಲ್ಲವೇನೋ ಎಂದು ಓಡಿಬಂದರು. ನಾನು ಹದಿಮೂರು ವರ್ಷದ ಅಭ್ಯಾಸದಂತೆ ನಾಲ್ಕು ಸಲ ಬಗ್ಗಿ, "ದೈಜೋಬು, ದೈಜೋಬು, ಏನೂ ತೊಂದರೆಯಿಲ್ಲ" ಎಂದು ಮುಚ್ಚಿಹಾಕುತ್ತಿದ್ದೆ. ಅಷ್ಟರಲ್ಲಿ ಪ್ರಣತಿ ಅಚ್ಚ ಜಪಾನಿಯಲ್ಲಿ, ಅಜ್ಜಿ ಉತ್ತರಕ್ಕೆ ತಲೆ ಹಾಕಿ ಮಲಗುವುದಿಲ್ಲ, ಅಪ್ಪನಿಗೆ ಗಾಡಿ ತಿರುಗಿಸಲು ಬರುವುದಿಲ್ಲ, ನಿನ್ನೆ ಸುಳ್ಳು ಬೇರೆ ಹೇಳಿದರು ಎಂದು ಮೂರೂ ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಳು. ನಾನು ಭೂಮಿ ಬಾಯಿಬಿಡಲಿ ಎಂದು ಕಾದೆ.

ಓಕಾದಾ-ಸಾನ್ ನಗಲಿಲ್ಲ. ಹಲ್ಲಿನ ಸಂದಿಯಲ್ಲಿ ಗಾಳಿ ಎಳೆದುಕೊಂಡು, "ಕಿತಾಮಾಕುರಾ!" ಎಂದರು. ಉತ್ತರದ ದಿಂಬು ಎಂದು ಅದರ ಅರ್ಥ. ಅವರಲ್ಲಿ ಹಾಗೆ ಮಲಗಿಸುವುದು ತೀರಿಕೊಂಡವರನ್ನು ಮಾತ್ರವಂತೆ. ಅವರ ತಾಯಿಯೂ ಹೋಟೆಲಿಗೆ ಹೋದರೆ ಮೊದಲು ದಿಕ್ಕು ಕೇಳುತ್ತಿದ್ದರಂತೆ. ಇಂಥ ಜಾಗದಲ್ಲಿ ಅಜ್ಜಿಯನ್ನು ಮಲಗಿಸಹೊರಟಿದ್ದೀರಾ ಎಂಬಂತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಅತ್ತೆಯವರಿಗೆ ತೊಂಬತ್ತು ಡಿಗ್ರಿ ಬಗ್ಗಿ ಕ್ಷಮೆ ಕೇಳಿದರು. ಆಮೇಲೆ ಅಕ್ಕಪಕ್ಕದ ಟೆಂಟುಗಳಿಂದ ಎಂಟು ಜನರನ್ನು ಕರೆದು, ತಮ್ಮನ್ನು ಕಾರಿನಿಂದ ಬಿಚ್ಚಿಸಿ, ಆ ಪುಟ್ಟ ಗಾಲಿಯ ಮೇಲೆ ಕೈಯಿಂದಲೇ ತಳ್ಳಿಸಿದರು. ಓಕಾದಾ-ಸಾನ್ "ಓರಾಯಿ, ಓರಾಯಿ" ಎಂದು ಹಿಂದಕ್ಕೆ ಕರೆಯುತ್ತಿದ್ದರೆ ಅತ್ತೆ ಕುರ್ಚಿಯಿಂದೆದ್ದು "ಬರ್ಲಿ ಬರ್ಲಿ, ಇನ್ನೂ ಸ್ವಲ್ಪ ಬರ್ಲಿ" ಎಂದು ಗಂಟಲೆತ್ತಿ ಕೂಗುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ತಾವು ಇಬ್ಬರ ಮಾತನ್ನೂ ಕೇಳಿದಿರಿ. ನಾಲ್ಕು ನಿಮಿಷ! ತಮ್ಮನ್ನು ಬಿಚ್ಚಿ ತಳ್ಳಬಹುದೆಂಬುದು ಹಿಂದಕ್ಕೆ ಬರುವುದನ್ನೇ ಅನ್ನ ಮಾಡಿಕೊಂಡ ಇಂಜಿನಿಯರಿಗೆ ಹೊಳೆದಿರಲಿಲ್ಲ.

ಆ ಸಂಜೆ ಅತ್ತೆ ಎಂಟೂ ಜನರಿಗೆ ಕೋಡುಬಳೆ ಹಂಚಿದರು. ನಾನು ಹತ್ತಿರ ಹೋಗಿ "ತಪ್ಪಾಯ್ತು ಅತ್ತೆ" ಎಂದೆ. "ಹೋಗ್ಲಿ ಬಿಡಿ. ಆಗಲ್ಲ ಅಂದಿದ್ರೆ ಕೂತ್ಕೊಂಡೇ ತೂಕಡಿಸ್ತಿದ್ದೆ. ಆಗಲ್ಲ ಅಂತ ಹೇಳೋಕೇನು ಕಷ್ಟ ನಿಮಗೆ?" ಎಂದರು. ಹದಿಮೂರು ವರ್ಷ ಈ ದೇಶದ ಜನ ಏನಂದುಕೊಳ್ಳುತ್ತಾರೋ ಎಂದು ಹೆದರಿದವನು ಒಬ್ಬರನ್ನೂ ಕೇಳಿಯೇ ನೋಡಿರಲಿಲ್ಲವಲ್ಲ ಎಂದು ಅಳು ಬಂತು. ಟಿಕೆಟ್ ಮುಂಚೆ ಮಾಡಿಸುವ ಮಾತು ಮತ್ತೆ ಬರಲಿಲ್ಲ. ಅತ್ತೆ ತಮ್ಮ ಮೂರು ತಿಂಗಳು ಪೂರೈಸಿಯೇ ಹೊರಟರು, ಉಳಿದ ದಿನ ಗಂಟೆಯ ಹತ್ತಿ ತೆಗೆದೇ ಪೂಜೆ ಮಾಡಿದರು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಏನೆಂದರೆ, ಮುಂದಿನ ಸಲ ನಾವು ಬರುವುದರೊಳಗೆ ದಯಮಾಡಿ ಎಡಬಲಗಳ ವ್ಯತ್ಯಾಸ ಕಲಿತಿರಬೇಕು, ಬಾಗಿಲನ್ನು ದೇಶ ನೋಡಿ ತೆರೆಯಬೇಕು, ಮತ್ತು ಸಾಧ್ಯವಾದರೆ ಸಂಜೆಯಾಗುತ್ತಲೇ ಹೂವಿನಂತೆ ತಾವಾಗಿಯೇ ದಕ್ಷಿಣಕ್ಕೆ ಹೊರಳಿಕೊಳ್ಳಬೇಕು. ಫ್ರಾನ್ಸಿನಲ್ಲಿರುವ ತಮ್ಮ ಬಂಧುಗಳಿಗೂ ಈ ವಿಷಯ ತಿಳಿಸಿ ಉಪಕರಿಸಿರಿ. ರಜೆ ಸಿಕ್ಕ ವರ್ಷ ಅತ್ತೆಯವರನ್ನು ಕರೆದುಕೊಂಡು ಅಲ್ಲಿಗೇ ಬರುವವರಿದ್ದೇವೆ.

ತಮ್ಮ ಹಿಂದೆ ಮುಂದೆ ಎರಡೂ ಬಲ್ಲ, ಆದರೂ ತಮ್ಮ ವಿಶ್ವಾಸಿ,
ಶ್ರೀಕಂಠ

ತಾ.ಕ.: ಅತ್ತೆಯವರು ಹೊರಟ ಮೇಲೆ ಹಂಸಾ ಒಂದು ವಿಷಯ ಹೇಳಿದಳು. ಹಮಾಮತ್ಸುವಿನ ನಮ್ಮ ಮನೆಯಲ್ಲಿ ನಾವಿಬ್ಬರೂ ಇಷ್ಟು ವರ್ಷ ಮಲಗಿದ್ದು ಉತ್ತರಕ್ಕೇ ತಲೆ ಹಾಕಿಕೊಂಡೇ ಅಂತೆ. ಅತ್ತೆ ಬಂದ ದಿನವೇ ನೋಡಿ, "ಅವರ ಮನೆ, ಅವರ ಮಂಚ, ಅಳಿಯಂದಿರಿಗೆ ಬೇಜಾರಾಗತ್ತೆ, ಸುಮ್ನಿರು" ಎಂದು ಹಂಸಾಳ ಬಾಯಿ ಮುಚ್ಚಿಸಿದ್ದರಂತೆ. ಕಳೆದ ಭಾನುವಾರ ನಾನೊಬ್ಬನೇ ಮಂಚ ಎಳೆದು ತಿರುಗಿಸಿ, ಫೋಟೋ ತೆಗೆದು, "ಈಗ ದಕ್ಷಿಣ ಅತ್ತೆ" ಎಂದು ಮೈಸೂರಿಗೆ ಕಳಿಸಿದೆ. ಐದೇ ನಿಮಿಷಕ್ಕೆ ಉತ್ತರ ಬಂತು: "ತುಂಬ ಸಂತೋಷ ಅಳಿಯಂದಿರೇ. ಹಂಸನ ಕೈಲೂ ಒಂದ್ಸಲ ಹೇಳ್ಸಿ." ಮಾನ್ಯರೇ, ಇದಕ್ಕೆ ತಾವೇ ಹೊಣೆ.