ಫೈನಲ್ ದಿನ ದೇವದುರ್ಗಕ್ಕೆ ಉಪ್ಪಿನಕಾಯಿ

ಭಾರತ ಗೆದ್ದ ದೊಡ್ಡ ಕ್ರಿಕೆಟ್ ಪಂದ್ಯಗಳಲ್ಲಿ ಅರ್ಧವನ್ನಾದರೂ ಗೆಲ್ಲಿಸಿಕೊಟ್ಟವರು ನಮ್ಮ ಸೋದರಮಾವ! ನಗಬೇಡಿ. ಅವರು ಬ್ಯಾಟು ಹಿಡಿದು ಗೆಲ್ಲಿಸಿದವರಲ್ಲ, ಕೈಚೀಲ ಹಿಡಿದು ಗೆಲ್ಲಿಸಿದವರು.

ಮಾಮಾ ಮಾನ್ವಿಯ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ಮದುವೆಯ ಗೋಜಿಗೆ ಹೋದವರಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ರಾಯಚೂರಿನ ನಮ್ಮ ಮನೆಗೆ ಬಂದರೆ ಮತ್ತೆ ಸೋಮವಾರ ಬೆಳಗಿನ ಬಸ್ಸಿಗೇ ವಾಪಸ್ಸು. ಹಣೆಗೆ ಅಂಗಾರದ ಕರಿ ಗೆರೆ, ತೋಳಿಗೆ ಗೋಪಿಚಂದನದ ಮುದ್ರೆ, ಕಿವಿಗೆ ಮಾತ್ರ ಇಂಗ್ಲಿಷ್ ರಾಕ್ ಸಂಗೀತ! ಯಾರೋ ಶಿಷ್ಯ ಕೊಟ್ಟ ಒಂದು ಕ್ಯಾಸೆಟ್ಟಿನಿಂದ ಹತ್ತಿದ ಗೀಳು ಅದು. ಡ್ರಮ್ಮಿನ ಸದ್ದಿಗೆ ತಲೆ ಅಲ್ಲಾಡಿಸುತ್ತಾ ಪೂಜೆಯ ಪಾತ್ರೆ ತಿಕ್ಕುತ್ತಿದ್ದರು. ಒಂದಕ್ಷರ ತಿಳಿಯದ ಹಾಡು ಯಾಕೆ ಕೇಳುತ್ತೀ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ದಿನಾ ಸಂಧ್ಯಾವಂದನಿ ಮಾಡ್ತೀಯಲ್ಲ, ಅದ್ರಾಗ ನಿನಗೆಷ್ಟು ತಿಳೀತದ?" ಎಂದರು.

ಆದರೆ ಅವರ ನಿಜವಾದ ಪ್ರಾಣ ಕ್ರಿಕೆಟ್ಟು. ಅದನ್ನು ಅವರಿಂದ ಕಿತ್ತುಕೊಂಡವನು ನಾನೇ.

ಆಗ ನಾನು ಏಳನೆಯ ತರಗತಿ. ಒಂದು ಭಾನುವಾರ ಮಾಮಾ ಸ್ನಾನ ಮುಗಿಸಿ ಬಂದು ಟಿವಿ ಮುಂದೆ ಕೂತರು, ನಮ್ಮವರ ವಿಕೆಟ್ ಬಿತ್ತು. ನೀರು ಕುಡಿಯಲು ಒಳಗೆ ಹೋದರು, ಸಿಕ್ಸರ್! ಬಂದು ಕೂತರು, ಮತ್ತೊಂದು ವಿಕೆಟ್. ನನಗೆ ತಡೆಯಲಾಗಲಿಲ್ಲ. "ಮಾಮಾ, ನೀ ನೋಡಿದ್ರ ವಿಕೆಟ್ ಬೀಳ್ತದ. ಹೊರಗ ಹೋಗು" ಎಂದುಬಿಟ್ಟೆ. ಎಲ್ಲರೂ ನಕ್ಕರು. ಮಾಮಾ ಕೂಡ ನಕ್ಕು, ಜೋಳದ ಚೀಲ ಎತ್ತಿಕೊಂಡು ಗಿರಣಿಗೆ ಹೋದರು. ಭಾರತ ಗೆದ್ದಿತು. ಮುಗಿಯಿತಲ್ಲ ಕಥೆ!

ಅಂದಿನಿಂದ ಪಂದ್ಯ ದೊಡ್ಡದಾದಷ್ಟೂ ಮಾಮಾ ದೂರ. ಸಣ್ಣಪುಟ್ಟ ಪಂದ್ಯವಿದ್ದರೆ ಗಿರಣಿ, ತರಕಾರಿ, ಅಪ್ಪನ ಚಪ್ಪಲಿ ಹೊಲಿಸುವುದು. ಸೆಮಿಫೈನಲ್ ಎಂದರೆ ಗಿಲ್ಲೆಸುಗೂರಿಗೆ ಹೋಗಿ ತುಪ್ಪ ತರುವುದು. ಫೈನಲ್ ಬಂತೋ, ದೇವದುರ್ಗದ ದೊಡ್ಡಮ್ಮನಿಗೆ ಉಪ್ಪಿನಕಾಯಿ ಕೊಟ್ಟು ಬರಬೇಕು. ನಮಗೆ ವರ್ಷವಿಡೀ ಉಪ್ಪಿನಕಾಯಿ ಹಾಕಿ ಕಳಿಸುತ್ತಿದ್ದವಳೇ ಆಕೆ! ಅಲ್ಲಾದರೂ ಕೂತು ನೋಡಬಹುದಿತ್ತಲ್ಲ ಎನ್ನುತ್ತೀರಾ? ಆಕೆಯೂ ಭಾರತದವಳೇ ತಾನೆ? ಬಾಗಿಲಲ್ಲೇ ಭರಣಿ ಇಸಿದುಕೊಂಡು, ಒಂದು ಲೋಟ ಮಜ್ಜಿಗೆ ಕುಡಿಸಿ, ತಿರುಗಿ ಹೋಗುವ ಬಸ್ಸಿಗೆ ಹತ್ತಿಸುತ್ತಿದ್ದಳು. ಇಡೀ ಫೈನಲ್ ಬಸ್ಸಿನಲ್ಲೇ ಕಳೆಯುತ್ತಿತ್ತು. ಯಾರ ಬಾಯಿಂದಲೂ ಸ್ಕೋರು ಕಿವಿಗೆ ಬೀಳದಿರಲೆಂದು ಕಿವಿಗೆ ವಾಕ್‌ಮನ್ ಸಿಕ್ಕಿಸಿ ರಾಕ್ ಹಾಡು ಹಾಕಿಕೊಂಡು ಕೂತಿರುತ್ತಿದ್ದರು.

ಸಂಭವನೀಯತೆಯ ಪಾಠ ಮಾಡುವ ಮೇಷ್ಟ್ರು ಇದನ್ನು ನಂಬುವುದೇ? ನಂಬಿದರು. ಹೈಲೈಟ್ಸ್ ಆದರೂ ನೋಡು ಎಂದರೆ, "ಉತ್ತರ ಗೊತ್ತಿದ್ದ ಲೆಕ್ಕ ಬಿಡಿಸೂದ್ರಾಗ ಏನ್ ಮಜಾ ಅದ?" ಎನ್ನುತ್ತಿದ್ದರು. ಒಮ್ಮೆ ಮಾತ್ರ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಕೇಳಿದರು: "ಗೆದ್ದ ಹೊತ್ತಿಗೆ ಹುಡುಗ್ರು ಹೆಂಗ ಕುಣೀತಾರೋ? ಒಮ್ಮೆ ನೋಡ್ಬೇಕಂತ ಆಸೆ ಅದ." ನಾನು ಪಡಸಾಲೆಯಲ್ಲೇ ಕುಣಿದು ತೋರಿಸಿದೆ. ಮಾಮಾ ಹೊಟ್ಟೆ ಹಿಡಿದು ನಕ್ಕು ಬಸ್ಸಿಗೆ ಹೋದರು. ಅವತ್ತು ಅವರನ್ನು ಕೈ ಹಿಡಿದು ಕೂರಿಸಿದ್ದರೆ ಏನಾಗುತ್ತಿತ್ತು? ಹೆಚ್ಚೆಂದರೆ ಒಂದು ಪಂದ್ಯ ಸೋಲುತ್ತಿದ್ದೆವು. ಅಷ್ಟೂ ನನಗೆ ಹೊಳೆಯಲಿಲ್ಲ.

ಈಗ ಮಾಮಾ ನಿವೃತ್ತರು, ನಮ್ಮಲ್ಲೇ ಇದ್ದಾರೆ. ಶುಗರ್ ಕಣ್ಣಿಗಿಳಿದು ಎರಡು ವರ್ಷದಿಂದ ಏನೂ ಕಾಣುವುದಿಲ್ಲ. ಮೊನ್ನೆ ಭಾನುವಾರ ಮಧ್ಯಾಹ್ನ ದೊಡ್ಡ ಪಂದ್ಯವಿತ್ತು. ನಾನೇ ಅವರ ಕೈ ಹಿಡಿದು ತಂದು, "ಮಾಮಾ, ಇವತ್ತು ನನ್ನ ಬಾಜೂಕ ಕೂಡು" ಎಂದೆ. ಅವರು ಖುರ್ಚಿ ತಡಕಿ ಕೂತು ನಕ್ಕರು.

"ಈಗ ಕೂಡಾಕ ಭಯ ಇಲ್ಲ ಬಿಡು. ನಾ ನೋಡಂಗಿಲ್ಲಲ್ಲ."

ಟಿವಿಯ ದನಿ ಬಂದ್ ಮಾಡಿ ರಾಕ್ ಹಾಕು, ಆಟ ನೀನು ಹೇಳು ಎಂದರು. ಇಷ್ಟು ವರ್ಷ ಹಾಡು ಕೇಳಿಯೇ ಗೆಲ್ಲಿಸಿದ್ದಾರಂತೆ, ಇವತ್ತು ಬಿಡುವುದು ಹೇಗೆ? ಮೊಬೈಲಿನಲ್ಲಿ ಹಾಡು ಹಚ್ಚಿದೆ. ನನ್ನ ಮಣಿಕಟ್ಟು ಹಿಡಿದುಕೊಂಡು ಒಂದೊಂದು ಚೆಂಡನ್ನೂ ಕೇಳಿಸಿಕೊಂಡರು.

ಕೊನೆಯ ಓವರಿನಲ್ಲಿ ನಮ್ಮವರ ಕೊನೆಯ ವಿಕೆಟ್ ಬಿತ್ತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾಮಾನ ಹಿಡಿತ ಬಿಗಿಯಾಯಿತು.

"ಏನಾತೋ?"

"ಗೆದ್ವಿ, ಮಾಮಾ."

"ಹುಡುಗ್ರು ಕುಣ್ಯಾಕತ್ತಾರೇನು?"

"ಕುಣ್ಯಾಕತ್ತಾರ" ಎಂದೆ. ಟಿವಿಯಲ್ಲಿ ಎದುರು ತಂಡದವರು ಒಬ್ಬರನ್ನೊಬ್ಬರು ಎತ್ತಿಕೊಂಡು ಕುಣಿಯುತ್ತಿದ್ದರು. ಮಾಮಾ ಕೂತಲ್ಲೇ ಎರಡೂ ಕೈ ಮೇಲೆತ್ತಿ ಡ್ರಮ್ಮಿನ ಸದ್ದಿಗೆ ಕುಣಿಸತೊಡಗಿದರು. ಬೀದಿಯಲ್ಲಿ ಪಟಾಕಿ ಯಾಕಿಲ್ಲ ಎಂದು ಅವರು ಕೇಳುವ ಮೊದಲೇ ನಾನು ಹಾಡಿನ ದನಿ ಏರಿಸಿದೆ.