ಮೂವತ್ತೇಳರ ಬಗ್ಗೆ ಎರಡು ಅಭಿಪ್ರಾಯ

ಸಿದ್ದರಾಮುವಿನ ಬಲಗೈ ಹೆಬ್ಬೆರಳು ಕೊಂಚ ದಪ್ಪ. ಆ ದಿನದ ಅನಾಹುತಕ್ಕೆಲ್ಲ ಅದೇ ಮೂಲ. ಮಿಕ್ಕದ್ದು, ಮುಂದಿನ ಕುರಿ ಹಳ್ಳಕ್ಕೆ ಇಳಿದ ಮೇಲೆ ಹಿಂದಿನವು ಇಳಿಯುವ ಹಾಗೆ, ತಾನಾಗಿ ಇಳಿಯಿತು.

ಅವನು ರಾಮನಗರದ ಫಕ್ರುದ್ದೀನ್ ಸಾಹೇಬರ ರೇಷ್ಮೆ ನೂಲಿನ ಘಟಕದಲ್ಲಿ ಗೂಡು ನೋಡುವವನು. ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ, ರೈತರು ಸುರಿದ ಗೂಡನ್ನು ಮುಷ್ಟಿಯಲ್ಲಿ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಂದೆರಡನ್ನು ಬ್ಲೇಡಿನಲ್ಲಿ ಸೀಳಿ, ಯಾವ ಲಾಟು ಹೇಗಿದೆಯೆಂದು ವಾಟ್ಸಾಪ್ ಗುಂಪಿಗೆ ಬರೆಯಬೇಕು. ಗುಂಪಿನಲ್ಲಿ ಸಾಹೇಬರೂ ನೂಲು ತೆಗೆಸುವ ಅವರ ಹದಿನಾಲ್ಕು ಜನ ಸ್ನೇಹಿತರೂ ಇದ್ದರು. ಅವನು ಬರೆದದ್ದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಆ ಗುಂಪು ಕೈಹಾಕದ ಲಾಟಿಗೆ ಬೇರೆಯವರೂ ಕೈಹಾಕುತ್ತಿರಲಿಲ್ಲ.

ಇಷ್ಟು ಗೌರವ ಅವನಿಗೆ ಬೇಡದ ಕಡೆ ಸಿಕ್ಕಿತ್ತು. ಬೇಕಾಗಿದ್ದದ್ದು ಇನ್ನೊಂದು ಗುಂಪಿನಲ್ಲಿ. ಅದರ ಹೆಸರು ‘ಪುಟ ಮಗುಚು’. ಹೊಸ ಕಾದಂಬರಿ ಓದಿ ಅಭಿಪ್ರಾಯ ಹೇಳುವ ಹನ್ನೆರಡು ಜನ. ಸಿದ್ದರಾಮು ತಾನು ಈ ವರ್ಷ ಓದಿದ ಕಾದಂಬರಿಗಳಿಗೆಲ್ಲ ನಂಬರು ಹಾಕುತ್ತಿದ್ದ. ಹಿಂದಿನ ದಿನ ಪುಸ್ತಕದ ಹೆಸರು ತಿಳಿಸುವುದು, ಮರುದಿನ ಬರೀ ನಂಬರು ಹಾಕಿ ತೀರ್ಪು ಕೊಡುವುದು ಅವನ ಕ್ರಮ. ಮೂವತ್ತಾರರಲ್ಲಿ ಮೂವತ್ತನಾಲ್ಕು ಫೇಲಾಗಿದ್ದವು. ಪಾಸಾದ ಎರಡೂ ಅನುವಾದಗಳು. ಎಲ್ಲಾದರೂ ಹಿಮ ಬೀಳಬೇಕು, ಯಾರಾದರೂ ರೈಲು ನಿಲ್ದಾಣದಲ್ಲಿ ಕಾರಣವಿಲ್ಲದೆ ಅಳಬೇಕು. ಇಲ್ಲದಿದ್ದರೆ ಅವನ ಪ್ರಕಾರ ಅದು ಕಾದಂಬರಿಯೇ ಅಲ್ಲ. ಅವನ ತೀರ್ಪಿಗೆ ಗುಂಪಿನಲ್ಲಿ ಬೀಳುತ್ತಿದ್ದದ್ದು ಒಂದೇ ಒಂದು ಕೈಮುಗಿದ ಚಿತ್ರ, ‘ಸಂಜೆಮಲ್ಲಿಗೆ’ ಎಂದು ಹೆಸರಿಟ್ಟುಕೊಂಡವರದು. ಅವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಗಂಟೆ ಹೊಡೆದ ಹಾಗೆ ದಿನಕ್ಕೆ ನಾಲ್ಕೇ ಸಲ ಬಂದು, ಎಲ್ಲರಿಗೂ ಕೈಮುಗಿದು ಹೋಗುತ್ತಿದ್ದರು.

ಮೂವತ್ತೇಳನೆಯದು ಭಾನುಪ್ರಿಯ ಎಂಬ ಹೊಸ ಲೇಖಕಿಯ ‘ನಾಲ್ಕನೇ ಜ್ವರ’. ಅದೂ ಫೇಲು.

ಮಾರುಕಟ್ಟೆಯಲ್ಲೂ ಆ ಬೆಳಿಗ್ಗೆ ಒಂದು ಮೂವತ್ತೇಳು ಇತ್ತು. ಮೂವತ್ತೇಳನೇ ಲಾಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದವರು ಕೈಲಾಂಚದ ಪುಟ್ಟಲಿಂಗಯ್ಯ. ಅವರ ಮಗಳು ಸಿಂಧುವನ್ನು ಸಿದ್ದರಾಮು ಎರಡು ಸಲ ನೋಡಿದ್ದ. ಎರಡನೇ ಸಲ ಅವನ ಜೋಕಿಗೆ ಅವಳು ನಕ್ಕಿದ್ದಳು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವನ ಜೋಕಿಗೆ ನಕ್ಕ ಮೊದಲ ವ್ಯಕ್ತಿ ಅವಳೇ ಆದ್ದರಿಂದ, ಮದುವೆಯಾದರೆ ಇವಳನ್ನೇ ಎಂದು ತೀರ್ಮಾನಿಸಿಬಿಟ್ಟಿದ್ದ. ಸಂಜೆ ಅವರ ಮನೆಯಲ್ಲಿ ಮಾತು ಪಕ್ಕಾ ಆಗಬೇಕಿತ್ತು.

ಪುಟ್ಟಲಿಂಗಯ್ಯ ಮುಖ ಬಿಗಿದುಕೊಂಡೇ ಹೇಳಿದರು. “ನೋಡಪ್ಪ, ಮಾವ ಆಗೋನು ಅಂತ ಒಂದು ಮಾತೂ ಜಾಸ್ತಿ ಬರೀಬ್ಯಾಡ. ಇರಾದ್ನ ಬರಿ.”

ಜಾಸ್ತಿ ಬರೆಯುವ ಅಗತ್ಯವೇ ಇರಲಿಲ್ಲ. ಗೂಡು ಬೆಣಚುಕಲ್ಲಿನಂತೆ ಗಟ್ಟಿಯಿತ್ತು. ಸಿದ್ದರಾಮು ಸಂತೋಷದಿಂದ ಟೀ ಅಂಗಡಿಗೆ ಹೋಗಿ, ಎರಡು ಅಭಿಪ್ರಾಯಗಳನ್ನೂ ಫೋನಿನಲ್ಲಿ ಬರೆದಿಟ್ಟುಕೊಂಡ. ಗೂಡಿನದು ಹೀಗಿತ್ತು:

“37. ಗಟ್ಟಿ ಸರಕು. ಕೈಗೆತ್ತಿಕೊಂಡರೇ ತೂಕ ತಿಳಿಯುತ್ತದೆ. ಎಳೆ ಉದ್ದ; ಎಲ್ಲೂ ಕಡಿಯದೆ ಕೊನೆಯವರೆಗೂ ಒಂದೇ ಸಮ ಬಿಚ್ಚಿಕೊಳ್ಳುತ್ತದೆ. ಕಷ್ಟಪಟ್ಟು ಸಾಕಿದ್ದಾರೆ. ಒಸಿ ಹಸಿಯಿದೆ, ಬಿಸಿ ತಾಗಿದರೆ ಸರಿಹೋಗುತ್ತದೆ. ಯೋಚಿಸದೆ ತಗೊಳ್ಳಿ.”

ಕಾದಂಬರಿಯದು ಹೀಗೆ:

“37. ಹೊರಗೆ ಹೊಳಪು, ಒಳಗೆ ಟೊಳ್ಳು. ಎಳೆ ಆರಂಭದಲ್ಲೇ ಕಡಿದುಹೋಗಿ ಆಮೇಲೆ ಬರೀ ಗೋಜಲು. ತೂಕವಿಲ್ಲ. ಒಳಗಿನ ಜೀವ ಎಂದೋ ಸತ್ತಿದೆ. ಹೊಸ ತಳಿ ಎಂದು ಮೋಸಹೋಗಬೇಡಿ.”

ಎರಡು ಗುಂಪುಗಳೂ ಫೋನಿನ ಪರದೆಯ ಮೇಲೆ ಒಂದೇ ಗೋಡೆಯ ಎರಡು ಮನೆಗಳಂತೆ ಅಂಟಿಕೊಂಡಿದ್ದವು. ಎಡಗೈಯಲ್ಲಿ ಟೀ ಲೋಟ. ದಪ್ಪ ಹೆಬ್ಬೆರಳು ಕಾದಂಬರಿಯ ಮಾತನ್ನು ಗೂಡಿನವರಿಗೂ ಗೂಡಿನ ಮಾತನ್ನು ಕಾದಂಬರಿಯವರಿಗೂ ಹಂಚಿತು. ಸಿದ್ದರಾಮು ಫೋನನ್ನು ಜೇಬಿಗಿಟ್ಟು ಎರಡು ತಟ್ಟೆ ಇಡ್ಲಿ ಹೇಳಿದ.

ಅವನು ಮಾರುಕಟ್ಟೆಗೆ ಮರಳುವ ಹೊತ್ತಿಗೆ ಹರಾಜಿನ ಮೊದಲ ಸುತ್ತು ಮುಗಿದಿತ್ತು. ಮೂವತ್ತೇಳನ್ನು ಯಾರೂ ಕೂಗಿರಲಿಲ್ಲ. ಜನ ಅದರ ಪಕ್ಕದಲ್ಲಿ ಹೋಗುವಾಗ ಸೂತಕದ ಮನೆ ಮುಂದೆ ಹೋಗುವವರಂತೆ ಒಸಿ ಸರಿದು ಹೋಗುತ್ತಿದ್ದರು. ನಡುವೆ ಪುಟ್ಟಲಿಂಗಯ್ಯ ಮಾತ್ರ ತಮ್ಮ ಗೂಡನ್ನು ತಾವೇ ಎತ್ತಿ ಮೂಸಿ ನೋಡುತ್ತಿದ್ದರು.

ನೂಲು ತೆಗೆಸುವ ಅತೀಕ್ ಎದುರು ಸಿಕ್ಕಿ, ಸಿದ್ದರಾಮುವಿನ ಕೈ ಹಿಡಿದು ಕುಲುಕಿದ. “ಉಳಿಸ್ಬುಟ್ಟೆ ಕಣಣ್ಣ. ಹೊರಗಿಂದ ಬೆಣ್ಣೆ ಬೆಣ್ಣೆ ಇತ್ತು. ನಾನು ಬೀಳ್ತಿದ್ದೆ.”

ಸಿದ್ದರಾಮು ಫೋನು ತೆಗೆದು ನೋಡಿದ. ಟೊಳ್ಳಿನ ಬರಹ ಗೂಡಿನ ಗುಂಪಿನಲ್ಲಿ ಕೂತಿತ್ತು. “ಅತೀಕ್, ಅದು ಗೂಡಲ್ಲ. ಅದು ನಾವೆಲ್ಲು.”

“ನಾವೆಲ್ಲಾ? ಯಾವ ಊರಿನ ಹುಳದ ಮೊಟ್ಟೆದು?”

“ಮೊಟ್ಟೆ ಅಲ್ಲ ಮಾರಾಯ. ನಾವೆಲ್ಲು. ನಾನು ರಾತ್ರಿ ಓದಿ ಮುಗಿಸಿದ್ದು.”

ಅತೀಕ್ ಗಂಭೀರನಾದ. ಹೊಸ ತಳಿ ಎಂದು ಬರೆದಿದ್ದರ ಅರ್ಥ ಅವನಿಗೆ ಈಗ ಹೊಳೆಯಿತು. ಓದಿ ತಿಳಿದುಕೊಳ್ಳಬೇಕಾದಷ್ಟು ಅಪಾಯದ ತಳಿ ಎಂದೂ ತೋರಿತು. ಸಿದ್ದರಾಮು ತಡೆಯುವಷ್ಟರಲ್ಲಿ ಅವನು ಗುಂಪಿಗೆ ಬರೆದಾಗಿತ್ತು: “37 ನಾವೆಲ್ ತಳಿ. ಹುಷಾರ್.” ಎರಡು ನಿಮಿಷದಲ್ಲಿ, ಚನ್ನಪಟ್ಟಣದ ಕಡೆಯೂ ನಾವೆಲ್ ಕಾಣಿಸಿಕೊಂಡಿದೆಯಂತೆ, ಮಾಗಡಿಯಲ್ಲಿ ಒಬ್ಬರ ಮನೆ ಹುಳವೆಲ್ಲ ಹೋಯಿತಂತೆ ಎಂಬ ಸುದ್ದಿಗಳು ಬಂದವು.

ಸಿದ್ದರಾಮು, ಮೊದಲಿನದು ತಪ್ಪಾಗಿ ಬಂದದ್ದು, ಮೂವತ್ತೇಳು ಇವತ್ತಿನ ಅತ್ಯುತ್ತಮ ಗೂಡು ಎಂದು ಬರೆದ. ಉತ್ತರ ತಕ್ಷಣ ಬಂತು: “ಮಾವನ ಲಾಟು ಅಂತ ಈಗ ಗೊತ್ತಾಯ್ತಾ?” ಅದರ ಕೆಳಗೆ ಹದಿನಾಲ್ಕು ನಗುವ ಮುಖಗಳು.

ಆಗ ಅವನು ಇನ್ನೊಂದು ಗುಂಪನ್ನು ತೆರೆದ, ಅಲ್ಲಿನ ತಪ್ಪನ್ನಾದರೂ ಅಳಿಸೋಣವೆಂದು. ಅವನ ಮೂವತ್ತೇಳಕ್ಕೆ ಹನ್ನೊಂದು ಚಪ್ಪಾಳೆ ಬಿದ್ದಿದ್ದವು. ‘ಕಷ್ಟಪಟ್ಟು ಸಾಕಿದ್ದಾರೆ’ ಎಂಬ ಮಾತು ಪಾತ್ರಗಳ ಬಗ್ಗೆ ತಾನು ಓದಿದ ಅತ್ಯಂತ ಆಳವಾದ ಮಾತು ಎಂದು ಕಾಲೇಜಿನ ಮೇಷ್ಟರೊಬ್ಬರು ಬರೆದಿದ್ದರು. ‘ಬಿಸಿ ತಾಗಿದರೆ ಸರಿಹೋಗುತ್ತದೆ’ ಎಂಬುದರ ಮೇಲೆ ಇಬ್ಬರು ಚರ್ಚೆಗಿಳಿದಿದ್ದರು. ಕೈಮುಗಿಯುವುದನ್ನು ಬಿಟ್ಟು ಇನ್ನೊಂದು ಗೊತ್ತಿಲ್ಲದ ಸಂಜೆಮಲ್ಲಿಗೆಯೂ ಒಂದು ಸಾಲು ಬರೆದಿದ್ದರು: “ಇಂಥ ಕಣ್ಣಿರುವವರು ನೂರು ವರ್ಷ ಬಾಳಲಿ.”

ಅಳಿಸಬೇಕಿತ್ತು. ಹೆಬ್ಬೆರಳು ಅದೊಂದೇ ಸಲ ಅವನ ಮಾತು ಕೇಳಿ, ಅಳಿಸದೆ ಸುಮ್ಮನಿತ್ತು.

ಎರಡನೇ ಸುತ್ತಿನಲ್ಲಿ ಮೂವತ್ತೇಳನ್ನು ಒಬ್ಬರೇ ಕೂಗಿದರು, ಮಣ್ಣಿನ ಬೆಲೆಗೆ. ಫಕ್ರುದ್ದೀನ್ ಸಾಹೇಬರು. ಅವರು ಸಿದ್ದರಾಮುವನ್ನು ಕಂಬದ ಮರೆಗೆ ಕರೆದು ಬೆನ್ನು ತಟ್ಟಿದರು. “ಶಹಬ್ಬಾಸ್ ಸಿದ್ದು. ನಿನ್ನ ದಡ್ಡ ಅಂದ್ಕೊಂಡಿದ್ದೆ. ನಾನೇ ಕೈಯಲ್ಲಿ ಹಿಡಿದು ನೋಡ್ದೆ, ಅಂಥ ಗೂಡು! ಒಂದು ಮೆಸೇಜ್ ಹಾಕಿ ಎಲ್ಲರ್ನೂ ಓಡಿಸ್ಬಿಟ್ಯಲ್ಲ.”

ಕಂಬದ ಆಚೆ ನಿಂತಿದ್ದವನು ಬೈರಾಪಟ್ಟಣದ ಮರಿಯಪ್ಪ, ಈ ಸಂಬಂಧ ಕುದುರಿಸಿದವನು. ಕೇಳಿಸಿಕೊಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಅವನ ವಂಶದಲ್ಲೇ ಇರಲಿಲ್ಲ. ನೆಟ್ಟಗೆ ಪುಟ್ಟಲಿಂಗಯ್ಯನವರ ಬಳಿ ಹೋಗಿ, ಯಾರದೋ ಫೋನಿನಲ್ಲಿ ಆ ಬರಹ ತೋರಿಸಿ, ಬರೆದವನು ಯಾರು, ಕೊಂಡವರು ಯಾರು ಎಂಬುದನ್ನೂ ಸೇರಿಸಿ ಹೇಳಿದ. ಪುಟ್ಟಲಿಂಗಯ್ಯ ಖಾಲಿ ಚೀಲಗಳನ್ನು ಮಡಿಸಿಕೊಂಡು, ಯಾರ ಮುಖವನ್ನೂ ನೋಡದೆ ಬಸ್ಸು ಹತ್ತಿದರು.

ಸಂಬಂಧ ಮುರಿಯಿತು ಎಂದೇ ಸಿದ್ದರಾಮು ತಿಳಿದ. ಆದರೆ ಮಧ್ಯಾಹ್ನ ಮರಿಯಪ್ಪನಿಗೆ ಕೈಲಾಂಚದಿಂದ ಫೋನು ಬಂತು. ಮಾಡಿದ್ದು ಹುಡುಗಿಯ ತಾಯಿ ಶಿವಲಿಂಗಮ್ಮ. ಯಜಮಾನರು ಹುಡುಗನ ಹೆಸರೆತ್ತಿದರೆ ಉರಿಯುತ್ತಿದ್ದಾರೆ, ಉರಿಯಲಿ, ಅವನು ಸಂಜೆ ಬರಲೇಬೇಕು ಎಂದರಂತೆ. “ಯಾಕೋ ಆಯಮ್ಮಂಗೆ ನಿನ್ ಮ್ಯಾಲೆ ಪ್ರಾಣ ಕಣ್ಲಾ” ಎಂದು ಮರಿಯಪ್ಪ ತಲೆ ಕೆರೆದುಕೊಂಡ.

ಕೈಲಾಂಚದ ಮನೆಯಲ್ಲಿ ಪುಟ್ಟಲಿಂಗಯ್ಯ ಜಗಲಿಯ ಕಂಬಕ್ಕೆ ಮುಖ ಮಾಡಿ ಕೂತಿದ್ದರು. ಒಳಗಿನ ಹುಳದ ಮನೆಯಿಂದ, ಮುಂದಿನ ಬೆಳೆಯ ಹುಳಗಳು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ ಕೇಳುತ್ತಿತ್ತು. ಶಿವಲಿಂಗಮ್ಮ ಸೊಪ್ಪಿನ ಕೈ ತೊಳೆದುಕೊಂಡು ಬಂದು, ತಟ್ಟೆ ತುಂಬ ಕಜ್ಜಾಯ ಇಟ್ಟರು. ಕಜ್ಜಾಯದ ಮೇಲೆ ತುಪ್ಪ, ತುಪ್ಪದ ಮೇಲೆ ಇನ್ನೊಂದು ಕಜ್ಜಾಯ. ಬಾಗಿಲಲ್ಲಿ ಸಿಂಧು.

ಪುಟ್ಟಲಿಂಗಯ್ಯ ಕಂಬಕ್ಕೇ ಹೇಳಿದರು. “ಮಾರಾಟ ಆಯ್ತು, ವೋಗ್ಲಿ. ಹೆಣ್ಣು ಕೇಳಾಕೆ ಬರೋ ಮನೆ ಗೂಡ್ನ, ಒಳಗೆ ಸತ್ತೋಗೈತೆ ಅಂತ ಊರ್ಗೆಲ್ಲ ಸಾರವ್ನಲ್ಲ, ಇವ್ನು ಮನ್ಸನಾ?”

“ನೀವು ಸುಮ್ಕಿರಿ,” ಎಂದರು ಶಿವಲಿಂಗಮ್ಮ. “ಕಣ್ಣಿರೋ ಹುಡ್ಗ. ಎಲ್ರಿಗೂ ಇರಾಕಿಲ್ಲ ಅಂಥ ಕಣ್ಣು.”

ಒಂದು ಕಡೆ ಗೆದ್ದಾಗಿದೆ, ಇನ್ನೊಂದು ಕಡೆ ಗೆದ್ದರೆ ಮುಗಿಯಿತು ಎಂದುಕೊಂಡ ಸಿದ್ದರಾಮು ಫೋನು ತೆಗೆದ. ಎರಡು ಗುಂಪು, ಎರಡು ಮೂವತ್ತೇಳು, ಒಂದು ದಪ್ಪ ಬೆರಳು. ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದ. ಆಮೇಲೆ ಗೂಡಿನ ಬಗ್ಗೆ ತಾನು ನಿಜವಾಗಿ ಬರೆದದ್ದನ್ನು ಗಟ್ಟಿಯಾಗಿ ಓದಿದ. ಪುಟ್ಟಲಿಂಗಯ್ಯ ಕಂಬದಿಂದ ಕಾಲುಭಾಗ ತಿರುಗಿದರು. ‘ಕಷ್ಟಪಟ್ಟು ಸಾಕಿದ್ದಾರೆ’ ಎಂಬಲ್ಲಿ ಪೂರ್ತಿ ತಿರುಗಿದರು. ಇನ್ನೊಂದು ಸಲ ಓದು ಎಂದರು.

“ಹಂಗಾದ್ರೆ ಆ ಟೊಳ್ಳು, ಸತ್ತೋಗಿರಾದು?”

“ಅದು ಯಾವಳೋ ಭಾನುಪ್ರಿಯ ಬರೆದ ‘ನಾಲ್ಕನೇ ಜ್ವರ’ ಅಂತ ಪುಸ್ತಕ ಮಾವ,” ಎಂದ ಸಿದ್ದರಾಮು. ಮಾವ ಎಂಬ ಮಾತು ತಾನಾಗಿ ಬಂದುಬಿಟ್ಟಿತು. ಉತ್ಸಾಹ ಹೆಚ್ಚಿ, ಟೊಳ್ಳಿನ ಬರಹವನ್ನೂ ಓದಿ, ಬರೆಯದೆ ಉಳಿಸಿಕೊಂಡದ್ದನ್ನೂ ಸೇರಿಸಿದ. “ಏಸಿ ರೂಮಲ್ಲಿ ಕೂತು ಹಳ್ಳಿ ಬಗ್ಗೆ ಬರೆದಿದ್ದಾಳೆ. ಹಿಪ್ಪುನೇರಳೆ ಗಿಡ ತೋರಿಸಿದ್ರೆ ಬೇಲಿ ಅನ್ಕೋತಾಳೆ. ಮನೆಗೆ ನಾಲ್ಕು ಸಲ ಜ್ವರ ಬರುತ್ತೆ, ಒಂದು ಸಲಾನೂ ಡಾಕ್ಟ್ರು ಬರಲ್ಲ. ನಾನು ಜ್ವರ ಅಂದ್ರೆ ಅಸ್ತಿತ್ವದ ತಳಮಳ ಇರಬೇಕು ಅಂತ ಕೊನೆವರೆಗೂ ಕಾದೆ.”

ಪುಟ್ಟಲಿಂಗಯ್ಯ ಹೊಟ್ಟೆ ಹಿಡಿದು ನಗತೊಡಗಿದರು. ಬಾಗಿಲಲ್ಲಿ ಸಿಂಧು ನಗಲಿಲ್ಲ. ಕೈಯಾಡಿಸಿ ಸಾಕು ಸಾಕು ಎನ್ನುತ್ತಿದ್ದವಳು, ಕೊನೆಗೆ ಸಣ್ಣ ದನಿಯಲ್ಲಿ ಹೇಳಿದಳು. “ಅದು ಹುಳದ ಜ್ವರ ಕಣ್ರೀ. ಪೊರೆ ಬುಡೋ ಮುಂಚೆ ಹುಳ ಸೊಪ್ಪು ಬುಟ್ಟು ಮಲಗ್ತದಲ್ಲ, ಅದ್ಕೆ ಜ್ವರ ಅಂತಾರೆ. ನಾಕು ಜ್ವರ ಆದ್ಮೇಲೇ ಗೂಡು ಕಟ್ಟೋದು.”

ಗೂಡು ಕಟ್ಟಿದ ಮೇಲೆ ಮಾತ್ರ ಹುಳದ ಪರಿಚಯವಿದ್ದ ಸಿದ್ದರಾಮು ಬಾಯಿ ತೆರೆದುಕೊಂಡೇ ಶಿವಲಿಂಗಮ್ಮನವರ ಕಡೆ ನೋಡಿದ. ಅವರು ತಣ್ಣಗೆ ಬಂದು ಅವನ ಮುಂದಿನ ತಟ್ಟೆಯನ್ನು ಎತ್ತಿಕೊಂಡರು.

“ಇಲ್ಲಿ ದಿನಕ್ಕೆ ನಾಕು ಸಲ ಸೊಪ್ಪು ಹಾಕಿ, ಹುಳ ತಿನ್ನೋವಷ್ಟು ಹೊತ್ತು ಕುಂತು, ಮೂರು ವರ್ಸ ಬರ್ದೆ ಕಣಪ್ಪ.”

ಪುಟ್ಟಲಿಂಗಯ್ಯನವರ ನಗು ಅರ್ಧಕ್ಕೆ ನಿಂತಿತು. ಹೆಂಡತಿ ಅಲ್ಲಿ ಕೂತು ಸೊಪ್ಪಿನ ಲೆಕ್ಕ ಬರೆಯುತ್ತಾಳೆ ಎಂದೇ ಅವರು ತಿಳಿದಿದ್ದರು. ಆದರೂ ಧೈರ್ಯ ಮಾಡಿ, ಹುಡುಗ ತಮ್ಮ ಗೂಡನ್ನು ಹೊಗಳಿದ್ದಾನಲ್ಲ, ಬೈದಿದ್ದರೆ ಒಂದು ಪುಸ್ತಕವನ್ನು ತಾನೆ ಎಂದು ಗೊಣಗಿದರು.

“ಗೂಡು ಕಟ್ಟಿದ್ದು ಹುಳ,” ಎಂದರು ಶಿವಲಿಂಗಮ್ಮ. “ಪುಸ್ತಕ ಕಟ್ಟಿದ್ದು ನಾನು.”

ಸೊಪ್ಪು ಹಾಕುವ ಹೊತ್ತಾಗಿತ್ತು. ಅವರು ಕಜ್ಜಾಯದ ತಟ್ಟೆಯೊಂದಿಗೆ ಹುಳದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅದನ್ನು ತೆರೆಸಿ ಮಾತಾಡುವ ಗಂಡಸು ಆ ಜಗಲಿಯಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಸಿದ್ದರಾಮುವಿನ ಫೋನು ಟಿಂಗ್ ಎಂದಿತು. ‘ಪುಟ ಮಗುಚು’ ಗುಂಪಿನಲ್ಲಿ ಸಂಜೆಮಲ್ಲಿಗೆ ಬಂದಿದ್ದರು.

“38. ಸಿದ್ದರಾಮು. ಹೊರಗೆ ಹೊಳಪು, ಒಳಗೆ ಟೊಳ್ಳು. ಅಳಿಯ ಎಂದು ಮೋಸಹೋಗಬೇಡಿ.”

ಅವನು ನೋಡುತ್ತಿದ್ದಂತೆಯೇ ಚಪ್ಪಾಳೆಗಳು ಬೀಳತೊಡಗಿದವು. ಮೊದಲನೆಯದು ಕಾಲೇಜಿನ ಮೇಷ್ಟರದು.